ಸೀಮೆಸುಣ್ಣ

ಕೌಲ್ ಬಜಾರಿನಲ್ಲಿ ಕರೆಂಟು ಹೋದರೆ
ಮೊದಲು ನಿಲ್ಲುವುದು ಮಷೀನು,
ಅದರ ಬೆನ್ನಿಗೇ ಶುರು ದೇವರ ಮಾತು.

ನಲವತ್ತು ಪದರ ಜೀನ್ಸ್ ಬಟ್ಟೆಯ ಮೇಲೆ ಕೈಯೂರಿ
ಕಟಿಂಗ್ ಮಾಸ್ತರ ಎಲೀಶಪ್ಪ ಅಂದ:
'ಥಾನು ಬಿಚ್ಚೋಕಿಂತ ಮುಂಚೇನ ಅಳತಿ ಬರದಾಗೈತಿ.
ಯಾವುದು ಜೇಬು, ಯಾವುದು ಸೊಂಟಪಟ್ಟಿ, ಯಾವುದು ಚಿಂದಿ
ಬಟ್ಟಿ ಕೇಳ್ತೈತೇನು?
ಲೋಕ ಹುಟ್ಟೋ ಮೊದ್ಲ ಆರಿಸ್ಯಾನ ಆತ. ಮುಗೀತು.'

ಇಸ್ತ್ರಿ ಸೀಲಾಸ ತಣ್ಣಗಾಗುತ್ತಿದ್ದ ಪೆಟ್ಟಿಗೆಯನ್ನು
ಮಗ್ಗುಲಿಗೆ ನಿಲ್ಲಿಸಿದ.
'ಹಂಗಾರ ಚಿಂದೀನ್ನ ಚಿಂದಿ ಮಾಡಿದ್ಯಾರು ಮಾಸ್ತರ?
ಕೃಪಾ ಅಂದ್ರ ನಳದ ನೀರಿದ್ದಂಗ,
ಎಂಟು ದಿನಕ್ಕೊಮ್ಮೆ ಬಿಟ್ರೂ ಓಣಿಗೆಲ್ಲ ಬಿಡ್ತಾರ.
ಕೊಡ ಹಿಡಿಯೋದು ನಮ್ಮ ಕೆಲಸ.'

'ಸತ್ತಾಂವ ಕೊಡ ಹಿಡೀತಾನೇನೋ?
ನಾವೆಲ್ಲಾ ಸತ್ತವ್ರು. ಎಬ್ಬಿಸಿದ ಮ್ಯಾಲ ಕೈ, ಕೈ ಮ್ಯಾಲ ಕೊಡ.'

ಚಹಾ ತಂದ ದಸ್ತಗೀರ ಲೋಟ ಎಣಿಸುತ್ತ ನಕ್ಕ:
'ನಮ್ಮ ಓಣ್ಯಾಗೂ ಇದ ಜಗಳ. ತಕ್ದೀರು.
ನಮ್ಮಜ್ಜ ಹಲ್ಲು ಬಿದ್ರೂ ಬಿಟ್ಟಿರಲಿಲ್ಲ.'

ಮೂವರೂ ನನ್ನನ್ನು ಕೇಳಲಿಲ್ಲ.
ಈ ಶೆಡ್ಡಿನಲ್ಲಿ ಆರಿಸುವ ಕೆಲಸ
ನನ್ನೊಬ್ಬಳದು.

ದಿನಕ್ಕೆ ಮುನ್ನೂರು ಪ್ಯಾಂಟು. ಒಳಗು ಹೊರಗು ತಿರುವಿ,
ಹೊಲಿಗೆ ಎಳೆದು, ಜಿಪ್ಪು ಎರಡು ಸಲ ಏರಿಳಿಸಿ,
ತಪ್ಪಿದಲ್ಲಿ ಸೀಮೆಸುಣ್ಣದ ಗೀರು.
ಗೀರು ಬಿದ್ದದ್ದು ಎಡಕ್ಕೆ. ಭಾನುವಾರ ರಸ್ತೆ ಬದಿಯ
ತಾಡಪಾಲಿನ ಮೇಲೆ ರಾಶಿ.

ಬಲಕ್ಕೆ ಹೋದದ್ದೆಲ್ಲ ಸರಿಯಿತ್ತೇ?
ಮೊನ್ನೆ ಹುಲಿಗೆಮ್ಮನ ಮಷೀನಿಂದ ಬಂದ ಸೊಂಟಪಟ್ಟಿ
ಎರಡು ನೂಲು ಸೊಟ್ಟ.
ಮೂರು ರಾತ್ರಿ ಮಗುವಿನ ಜ್ವರ ಕಾದವಳ ಹೊಲಿಗೆ.
ಎಳೆದ ಗೀರನ್ನು ಹೆಬ್ಬೆರಳಿನಿಂದ ಒರೆಸಿ ಬಲಕ್ಕಿಟ್ಟೆ.
ಪ್ಯಾಂಟು ಕೈ ಚಾಚಿರಲಿಲ್ಲ.
ಮೊದಲೇ ಬರೆದಿಟ್ಟದ್ದೂ ಅಲ್ಲ,
ಬರೆದದ್ದನ್ನು ಅಳಿಸಿದ್ದು.
ಇದು ಯಾರ ಪಕ್ಷವೋ ಮಾಸ್ತರ ಹೇಳಲಿ.

ಅದೇ ದಿನ, ಅದೇ ಕೈ,
ಹೊಸದಾಗಿ ಬಂದ ಹುಡುಗಿಯ ಎಂಟು ಪ್ಯಾಂಟು ಎಡಕ್ಕೆಸೆಯಿತು.
ಅವಳ ಮನೆಯಲ್ಲಿ ಯಾರಿಗೆ ಜ್ವರವಿತ್ತೋ
ಕೇಳಲಿಲ್ಲ.

ನಮ್ಮಣ್ಣ ತಿಮೋತಪ್ಪ ವಾಷಿಂಗಿನವನು,
ಮೊಣಕೈವರೆಗೆ ನೀಲಿ.
ಭಾನುವಾರ ಅವ್ವನನ್ನು ಸೈಕಲ್ಲಿನಲ್ಲಿ ಚರ್ಚಿಗೆ ತಂದಿಳಿಸಿ
ತಾನು ಬೇವಿನ ಕೆಳಗೆ ಬೀಡಿ ಹಚ್ಚಿ
ಅವಳ ಚಪ್ಪಲಿ ಕಾಯುತ್ತಿದ್ದ.
ಒಳಗೆ ಹಾಡು ಎತ್ತಿದರೆ ಹೊರಗೂ ಅದೇ ಹಾಡು,
ಸಿಳ್ಳೆಯಲ್ಲಿ, ಒಂದು ಸಾಲು ಹಿಂದೆ.
ಒಳಗೆ ಬಾರೋ ಎಂದು ಅಯ್ಯನವರು ಹನ್ನೊಂದು ವರ್ಷ ಕರೆದರು.
ಚಪ್ಪಲಿ ಕದೀತಾರ ಅಯ್ಯನವರ, ಅನ್ನುತ್ತಿದ್ದ.

ಗುಡ್ ಫ್ರೈಡೆಗೆ ಮೂರು ದಿನ ಇದ್ದಾಗ
ಬಾಯ್ಲರಿನ ಪಕ್ಕ ಕೂತವನು ಏಳಲಿಲ್ಲ.
ಎಲೀಶಪ್ಪ ಹೆಗಲು ಕೊಟ್ಟ, ಸೀಲಾಸ ಹೆಗಲು ಕೊಟ್ಟ.
ಆವತ್ತು ಇಬ್ಬರೂ ವಾದಿಸಲಿಲ್ಲ,
ಅದೇ ನನಗೆ ಹೆದರಿಕೆಯಾಯಿತು.

ಮೈ ತೊಳೆದವರು ಗಂಡಸರು. ಕೈ ಮಾತ್ರ ನನಗೆ ಬಿಟ್ಟರು.
ನಿಂಬೆಹೋಳಿನಿಂದ ಉಜ್ಜಿದೆ, ಉಗುರಿನ ಸಂದಿ ಕೆರೆದೆ,
ನೀಲಿ ಹೋಗಲಿಲ್ಲ.
'ಬಿಡು' ಅಂದಳು ಅವ್ವ,
'ಬಣ್ಣ ಅವನ್ನ ಹಿಡಕೊಂಡೈತಿ.'

ಕರೆಂಟು ಬಂತು.
ಮಾತು ಅರ್ಧಕ್ಕೇ ಬಿಟ್ಟು ಎಲೀಶಪ್ಪ ಕತ್ತರಿಗೆ ಬಾಗಿದ,
ಸೀಲಾಸ ಬಟ್ಟೆಗೆ ನೀರು ಚಿಮುಕಿಸಿದ.
ನನ್ನ ಮುಂದೆ ಆ ಹೊಸ ಹುಡುಗಿಯ ಪ್ಯಾಂಟು,
ಜೇಬು ಸೊಟ್ಟ.
ಸೀಮೆಸುಣ್ಣ ಎತ್ತಿದ ಕೈ ಎತ್ತಿದಂತೆಯೇ ಇದೆ.

ಮಷೀನುಗಳ ಸದ್ದಿಗೆ ಮೀರಿ ಕೂಗಿದೆ:
'ಏ ಹುಡುಗೀ, ನಿನ್ನ ಹೆಸರೇನವ್ವಾ?'